ಕಡಲಿಗೆ ಬೆನ್ನು ಹಾಕಿದ ಸೂರ್ಯ

ಪರ್ತ್‌ಗೆ ಬಂದ ಮೊದಲ ವಾರವೇ ಸೂರ್ಯ ನನಗೆ ಕೈಕೊಟ್ಟ. ಕುಂದಾಪುರದಲ್ಲಿ ನಾನೂ ಅಕ್ಕನೂ ಸೇರಿ ನಡೆಸುತ್ತಿದ್ದ ಸ್ಟುಡಿಯೋಗೆ ಉತ್ತರದ ಕಡೆ ಒಂದು ಕಿಟಕಿಯಿತ್ತು. ಅಲ್ಲಿಂದ ಹೆಚ್ಚುಕಡಿಮೆ ವರ್ಷವಿಡೀ ಮೆತ್ತಗಿನ ಬೆಳಕು ಬರುತ್ತಿತ್ತು. ಆ ಅಭ್ಯಾಸದಲ್ಲೇ ಇಲ್ಲಿಯ ಕ್ಯಾನಿಂಗ್ ವೇಲ್ ಎಂಬ ಬಡಾವಣೆಯಲ್ಲಿ ಉತ್ತರದ ಕಿಟಕಿಯಿರುವ ಮನೆಯನ್ನೇ ಹಟ ಹಿಡಿದು ಬಾಡಿಗೆಗೆ ಹಿಡಿದೆ. ಮಧ್ಯಾಹ್ನ ನೋಡಿದರೆ ಸೂರ್ಯ ನೇರ ಆ ಕಿಟಕಿಯಿಂದಲೇ ಒಳಗೆ ಬಂದು ಕುರ್ಚಿ, ಮೇಜು, ನನ್ನ ಬಿಳಿ ಪರದೆ ಎಲ್ಲವನ್ನೂ ಸುಡುತ್ತಿದ್ದ. ಭೂಮಿಯ ಕೆಳಭಾಗದಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾದುಹೋಗುತ್ತಾನಂತೆ. ಶಾಲೆಯಲ್ಲಿ ಓದಿದ್ದೆನೋ ಏನೋ, ಬೆಳಕನ್ನೇ ನಂಬಿ ಬದುಕಿದ ನನಗೆ ಅದು ನೆನಪಾಗಲೇ ಇಲ್ಲ.

"ಮನೆ ನೋಡೋವಾಗ ದಿಕ್ಸೂಚಿ ಹಿಡ್ಕೊಂಡು ಎಷ್ಟು ಜಂಬ ಮಾಡಿದ್ರಿ!" ಎಂದು ಹೆಂಡತಿ ಶೈಲಾ ನಕ್ಕಳು. ಅವಳು ಮೈಸೂರಿನವಳು, ನರ್ಸ್. ಅವಳ ಕೆಲಸದ ವೀಸಾ ಹಿಡಿದೇ ನಾವು ಬಂದದ್ದು. ಅವಳಿಗೆ ಬಂದ ಕೂಡಲೇ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ನನಗೆ ಸಿಕ್ಕಿದ್ದು ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಸುತ್ತುವ ಕೆಲಸ. ಸಾವಿರಾರು ವಧುಗಳ ಗಲ್ಲ ಎತ್ತಿಸಿ ಫೋಟೋ ತೆಗೆದ ಕೈ ಸ್ವಾಮಿ ಇದು! ಹೇಳಿಕೊಂಡರೆ ಯಾರಿಗೆ ಬೇಕು?

ಎರಡು ವರ್ಷದ ನಂತರ ಒಂದು ಬಾಗಿಲು ತೆರೆಯುವ ಹಾಗಾಯಿತು. ಪ್ರವಾಸಿ ಕ್ಯಾಲೆಂಡರ್ ಅಚ್ಚು ಹಾಕಿಸುವ ಗ್ರಹಾಂ ಎಂಬ ಹಿರಿಯರು ನನ್ನ ಫೋಟೋಗಳನ್ನು ನೋಡಿ ಒಂದು ಪರೀಕ್ಷೆ ಒಡ್ಡಿದರು. ಪರ್ತ್, ಅಡಿಲೇಡ್, ಬ್ರಿಸ್ಬೇನ್, ಈ ಮೂರು ಊರುಗಳಲ್ಲಿ ನೀರಿನ ಮೇಲೆ ಸೂರ್ಯ ಮುಳುಗುವ ಒಂದೊಂದು ಚಿತ್ರ ತರಬೇಕು. ಮೂರೂ ಹಿಡಿಸಿದರೆ ವರ್ಷಪೂರ್ತಿ ಕೆಲಸ. ನಾನು ಆ ದಿನವೇ ಅಕ್ಕನಿಗೆ ಫೋನ್ ಮಾಡಿ, ಟೇಪು ಸುತ್ತುವುದು ಇನ್ನು ಮುಗಿಯಿತು ಎಂದುಬಿಟ್ಟೆ. ಎಂಥ ಆತುರ ನೋಡಿ.

"ಚಿತ್ರದಲ್ಲಿ ಜನ ಬೇಡ" ಎಂದಿದ್ದರು ಗ್ರಹಾಂ. ಇದೂ ನನಗೆ ಅರ್ಥವಾಗದ ಮಾತು. ನಮ್ಮಲ್ಲಿ ಜೋಗಕ್ಕೆ ಹೋದವರು ಜಲಪಾತಕ್ಕೆ ಬೆನ್ನು ಹಾಕಿ ನಿಲ್ಲದಿದ್ದರೆ ಅದು ಫೋಟೋನೇ ಅಲ್ಲ. ಇಲ್ಲಿ ಗಂಟೆಗಟ್ಟಲೆ ಕಾದು, ದಾರಿಹೋಕರೆಲ್ಲ ಚೌಕಟ್ಟಿನಿಂದ ಆಚೆ ಹೋದ ಮೇಲೆ ಗುಂಡಿ ಒತ್ತುತ್ತಾರೆ.

ಪರ್ತ್‌ನ ಕಡಲತೀರದಲ್ಲಿ ಸೂರ್ಯ ಥೇಟ್ ಮರವಂತೆಯಲ್ಲಿ ಮುಳುಗುವಂತೆಯೇ ಮುಳುಗಿದ. ಅಡಿಲೇಡ್‌ನಲ್ಲೂ ಹಾಗೇ, ಗ್ಲೆನೆಲ್ಗ್ ತೀರದಲ್ಲಿ ಕಡಲೊಳಗೆ ಚಾಚಿದ ಉದ್ದನೆಯ ಕಟ್ಟೆಯ ಆಚೆ ಕೆಂಪಗೆ ನೀರಿಗಿಳಿದ. ಎರಡು ಚಿತ್ರ ಗೆದ್ದ ಖುಷಿಯಲ್ಲಿ, ಮಗಳು ಅನ್ವಿಯ ಶಾಲೆಗೆ ರಜೆ ಇದ್ದಾಗ ಮೂವರೂ ಬ್ರಿಸ್ಬೇನ್‌ಗೆ ಹಾರಿದೆವು. ಚಳಿಗಾಲ. ಕೈಯಲ್ಲಿದ್ದದ್ದು ಒಂದೇ ಸಂಜೆ, ಮರುದಿನ ಬೆಳಕು ಹರಿಯುವ ಮೊದಲೇ ವಾಪಸ್ ವಿಮಾನ.

ರೆಡ್‌ಕ್ಲಿಫ್ ಎಂಬಲ್ಲಿ ಕಡಲಿಗೆ ಮುಖ ಮಾಡಿ ಮೂರುಕಾಲಿನ ಸ್ಟ್ಯಾಂಡ್ ಊರಿದೆ. ಕಡಲು ತಣ್ಣಗೆ ನೀಲಿಯಾಗಿತ್ತು. ಕಾದೆ. ನೀಲಿ ಬೂದುಬಣ್ಣಕ್ಕೆ ತಿರುಗಿತೇ ಹೊರತು ಕೆಂಪಾಗಲಿಲ್ಲ. ಪಕ್ಕದಲ್ಲಿ ಗಾಳ ಹಾಕಿ ಕೂತಿದ್ದ ಮುದುಕ ಒಮ್ಮೆ ನನ್ನನ್ನೂ ಒಮ್ಮೆ ಕ್ಯಾಮೆರಾವನ್ನೂ ನೋಡಿದ.

"ಅಪ್ಪಾ, ದ ಸನ್ ಈಸ್ ಬಿಹೈಂಡ್ ಅಸ್" ಎಂದಳು ಅನ್ವಿ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

ತಿರುಗಿದೆ. ಸೂರ್ಯ ಅಂಗಡಿಗಳ ಮಾಡಿನ ಮೇಲೆ, ನೆಲದ ಕಡೆ, ಆರಾಮಾಗಿ ಇಳಿಯುತ್ತಿದ್ದ. ಅಯ್ಯೋ ದೇವರೇ! ಬ್ರಿಸ್ಬೇನ್‌ಗೆ ಕಡಲು ಮೂಡಣದಲ್ಲಿ. ನಕ್ಷೆ ಜೇಬಿನಲ್ಲೇ ಇತ್ತು, ನೋಡಬೇಕೆಂದು ಅನ್ನಿಸಲೇ ಇಲ್ಲ. ನಮ್ಮೂರಲ್ಲಿ ಮನೆಯ ದಾರಿ ಹೇಳುವಾಗಲೂ ಪಡುಬದಿ ಎಂದರೆ ಕಡಲ ಬದಿಯೇ. ಕಡಲಿದ್ದ ಕಡೆ ಪಶ್ಚಿಮ ಎಂದು ನನ್ನ ಮೈಯೇ ನಂಬಿಕೊಂಡಿತ್ತು. ನನಗೆ ನನ್ನ ಮೇಲೇ ಎಷ್ಟು ಸಿಟ್ಟು ಬಂತೆಂದರೆ ಸ್ಟ್ಯಾಂಡನ್ನು ನೀರಿಗೆ ಎಸೆಯುವವನಿದ್ದೆ.

"ರೀ, ಹೋಗ್ಲಿ ಬಿಡಿ. ನಮ್ದಾದ್ರೂ ಒಂದು ತೆಗೀರಿ, ಈ ದೇಶಕ್ಕೆ ಬಂದ್ಮೇಲೆ ನಮ್ದೊಂದು ಒಳ್ಳೆ ಫೋಟೋ ಇಲ್ಲ" ಎಂದಳು ಶೈಲಾ. ತಾಯಿ ಮಗಳು ಕಡಲಿಗೆ ಬೆನ್ನು ಹಾಕಿ ನಿಂತರು. ಇಳಿಬಿಸಿಲು ನೇರ ಅವರ ಮುಖದ ಮೇಲಿತ್ತು. "ಗಲ್ಲ ಸ್ವಲ್ಪ ಎತ್ತಿ" ಎಂದೆ, ಹಳೆಯ ಅಭ್ಯಾಸ. ನನ್ನ ಪೆಚ್ಚು ಮೋರೆ ನೋಡಿ ಇಬ್ಬರೂ ಬಿದ್ದು ಬಿದ್ದು ನಕ್ಕರು. ಆಗ ಗುಂಡಿ ಒತ್ತಿದೆ.

ಬೇರೆ ಏನೂ ಇರಲಿಲ್ಲವಾದ್ದರಿಂದ ಅದನ್ನೇ ಮೂರನೆಯದಾಗಿ ಗ್ರಹಾಂ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿದರು. ಮೂರರಲ್ಲಿ ಒಳ್ಳೆಯದು ಇದೇ, ಆದರೆ ಬೇರೆಯವರ ಹೆಂಡತಿ ಮಕ್ಕಳನ್ನು ಯಾರು ತಮ್ಮ ಗೋಡೆಗೆ ನೇತುಹಾಕುತ್ತಾರೆ ಎಂದರು. ಕೆಲಸ ಇನ್ನೊಬ್ಬರಿಗೆ ಹೋಯಿತು. ನಾನು ಸೋಮವಾರ ಗೋದಾಮಿಗೆ ಹೋದೆ.

ಆ ಫೋಟೋವನ್ನು ಅಕ್ಕನಿಗೆ ಕಳಿಸಿದ್ದೆ. ಭಾನುವಾರ ಅವಳದೇ ಫೋನ್ ಬಂತು. ದೊಡ್ಡದು ಮಾಡಿಸಿ ಸ್ಟುಡಿಯೋದ ಮುಂದಿನ ಗಾಜಿಗೆ ಹಾಕಿದ್ದಾಳಂತೆ.

"ಎಂಥಾ ಬೆಳಕು ಮಾರಾಯಾ! ಪಾಪ, ಅವ್ರನ್ನ ಬೆಳಿಗ್ಗೆ ಎಷ್ಟೊತ್ತಿಗೆ ಎಬ್ಬಿಸಿ ಕರ್ಕೊಂಡು ಹೋಗಿದ್ದೆ?"

ನಾನು ತಬ್ಬಿಬ್ಬಾದೆ. ಹಿಂದೆ ಕಡಲು, ಮುಖದ ಮೇಲೆ ಬಿಸಿಲು. ಕುಂದಾಪುರದ ಲೆಕ್ಕದಲ್ಲಿ ಅದು ಬೆಳಿಗ್ಗೆಯೇ. ನನಗೆ ಬೆಳಕು ಓದಲು ಕಲಿಸಿದವಳು ಅವಳು, ಅವಳು ಓದಿದ್ದರಲ್ಲಿ ತಪ್ಪೇನಿಲ್ಲ. ಸಂಜೆ ಎಂದರೆ ಎಲ್ಲವನ್ನೂ ಹೇಳಬೇಕು: ತಪ್ಪು ದಿಕ್ಕಿಗೆ ಕಾದು ನಿಂತದ್ದು, ಕೆಲಸ ಕೈತಪ್ಪಿದ್ದು, ಇನ್ನೂ ಟೇಪು ಸುತ್ತುತ್ತಿರುವುದು.

"ಹ್ಞೂಂ ಅಕ್ಕಾ, ಬೇಗ ಎದ್ದಿದ್ವಿ" ಎಂದೆ.

ಪಕ್ಕದಲ್ಲಿದ್ದ ಅನ್ವಿ ತಲೆಯೆತ್ತಿದಳು. "ಬಟ್ ಅಪ್ಪಾ, ಇಟ್ ವಾಸ್ ಆರ್ವೋ!" ಮಧ್ಯಾಹ್ನ ದಾಟಿ ಸಂಜೆಯಾಗುವವರೆಗಿನ ಹೊತ್ತಿಗೆ ಇಲ್ಲಿಯವರ ಮಾತು ಅದು.

ಅಕ್ಕನಿಗೆ ಕೇಳಿಸಿತು. "ಏನಂತೆ ಕೂಸು? ಆರ್ವೋ ಅಂದ್ರೆ ಎಂತದು?"

ಉತ್ತರದ ಕಿಟಕಿಯಿಂದ ಬಿಸಿಲು ಧಾರಾಳವಾಗಿ ಒಳಗೆ ಬರುತ್ತಿತ್ತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಬೆಳಿಗ್ಗೆ ಅಂತ ಅಕ್ಕಾ" ಎಂದೆ.