ರೋಜಾ ಹಿಡಿದ ಆಡುಗಳು

ಗುತ್ತಲದ ಸುತ್ತಲಿನ ಹಳ್ಳಿಗಳಲ್ಲಿ ಆ ಕಾಲಕ್ಕೆ ಒಂದು ಚೇಷ್ಟೆಯ ಮಾತು ಓಡಾಡುತ್ತಿತ್ತು: "ಮೈಮುನಾಬಿ ತಾನಷ್ಟ ಅಲ್ಲ, ಆಡಿಗೂ ರೋಜಾ ಹಿಡಸ್ತಾಳ." ಹೇಳುವವರು ನಗುತ್ತಿದ್ದರು, ಮೈಮುನಾಬಿಯೂ ನಗುತ್ತಿದ್ದಳು. ಆದರೆ ಆ ಉಪವಾಸದ ಮಾತು ಸುಳ್ಳಲ್ಲ. ತುಂಗಭದ್ರೆಯ ನಡುಗಡ್ಡೆಗೆ ಆಡುಗಳನ್ನು ದಾಟಿಸುವ ಮುಂಚೆ ಅವಳು ಅವನ್ನು ದಿನಗಟ್ಟಲೆ ಹಿತ್ತಲಲ್ಲಿ ಕಟ್ಟಿಹಾಕಿ, ಜೋಳದ ಒಣ ಕಣಿಕೆ ಬಿಟ್ಟು ಬೇರೇನಕ್ಕೂ ಬಾಯಿ ಹಾಕಗೊಡುತ್ತಿರಲಿಲ್ಲ. ಒಮ್ಮೆ ಅವಳು ಉಪಕಾರ ತೀರಿಸಲು ಹೋಗಿ, ಉಪಕಾರ ಮಾಡಿದವನ ಬದುಕಿಗೇ ಮುಳ್ಳು ಬಿತ್ತಿದ್ದಳು. ಆ ಕತೆ ತಿಳಿದವರು ನಗುವುದರ ಜೊತೆಗೆ ಅವಳಿಗೆ ಕೈಯನ್ನೂ ಮುಗಿಯುತ್ತಿದ್ದರು.

ಗಂಡ ಹಜರತಅಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಅವನು ಜ್ವರದಲ್ಲಿ ತೀರಿಕೊಂಡ ಮೇಲೆ ಅವಳು ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೊಳೆದಂಡೆಯ ತವರೂರಿಗೆ ಬಂದಳು. ತಮ್ಮ ಕೊಟ್ಟ ಎರಡು ಆಡುಗಳು ಮರಿ ಹಾಕಿ ಹಾಕಿ ಹಿಂಡಾದವು. ಮನೆಯ ಉಪ್ಪು, ಎಣ್ಣೆ, ಮಕ್ಕಳ ಲಂಗ ಎಲ್ಲವೂ ಆ ಹಿಂಡಿನಿಂದಲೇ ಬರಬೇಕಿತ್ತು.

ಎಂಬತ್ತೈದರ ಬರಗಾಲದಲ್ಲಿ ದಂಡೆಯ ಹುಲ್ಲೆಲ್ಲ ಸುಟ್ಟುಹೋಯಿತು. ಹಸಿರಾಗಿ ಉಳಿದದ್ದು ಬಳ್ಳಾರಿ ಜಾಲಿಯೊಂದೇ. ಎಲ್ಲಿಂದಲೋ ಬಂದ ಈ ಜಾಲಿಗೆ ಬರವೂ ಒಂದೇ, ಮಳೆಯೂ ಒಂದೇ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ಇದರ ಸೊಪ್ಪನ್ನು ಅದೂ ಮೂಸಿ ಬಿಡುತ್ತದೆ. ಉದುರಿದ ಒಣಗಾಯಿ ಮಾತ್ರ ಸಿಹಿ, ಅದನ್ನು ಕಟಕಟನೆ ಕಡಿದು ನುಂಗುತ್ತದೆ. ಮೈಮುನಾಬಿ ಕಾಯಿ ಆರಿಸಿ ಚೀಲ ತುಂಬುತ್ತಿದ್ದಳು. ಆದರೆ ಬರೀ ಕಾಯಿಯಿಂದ ಆಡಿನ ಹೊಟ್ಟೆ ತುಂಬುತ್ತದೆಯೇ?

ಆಗ ಅವಳ ಬಾಗಿಲಿಗೆ ತಾನಾಗಿ ಬಂದವನು ಅಂಬಿಗರ ಗಿರಿಯಪ್ಪ. ಹೊಳೆಯಲ್ಲಿ ಹರಗೋಲು ಹಾಕುತ್ತ, ನೀರು ಇಳಿದ ಮೇಲೆ ನಡುಗಡ್ಡೆಯಲ್ಲಿ ಕಲ್ಲಂಗಡಿ ಬಳ್ಳಿ ಹಬ್ಬಿಸುತ್ತ ಬದುಕಿದವನು.

"ಏ ತಂಗಿ, ಕಣ್ಣಮುಂದ ಆಡು ಸಾಯಾಕ ಬಿಡ್ತೀಯೇನು? ನಡಗಡ್ಡ್ಯಾಗ ಮಣಕಾಲಮಟ ಹುಲ್ಲೈತಿ. ಹರಗೋಲದಾಗ ಹಾಕ್ಕೊಂಡ ಹೋಗೂಣು, ಬಾ."

"ನಿನಗ ಕೊಡಾಕ ನನ್ನ ಕಡೆ ಏನೈತಣ್ಣಾ?"

"ಹೊಳಿ ಏನ ನಮ್ಮಪ್ಪಂದೇನು? ಹತ್ತ ಸುಮ್ನ."

ಹೀಗೆ ಹಿಂಡು ಉಳಿಯಿತು. ಕಲ್ಲಂಗಡಿ ಸುಗ್ಗಿ ಮುಗಿದಾಗ ಮೈಮುನಾಬಿ ಋಣ ತೀರಿಸುವ ದಾರಿ ಕಂಡುಕೊಂಡಳು. ರಾತ್ರಿ ಹಿಂಡನ್ನು ಒಬ್ಬರ ಹೊಲದಲ್ಲಿ ತರುಬಿ ಮಲಗಿಸಿದರೆ ಆ ಹಿಕ್ಕೆಯೇ ಹೊಲಕ್ಕೆ ಗೊಬ್ಬರ. ಅದಕ್ಕೆ ಹೊಲದವರು ಜೋಳ ಕೊಡುವುದು ವಾಡಿಕೆ. ಅವಳು ಗಿರಿಯಪ್ಪನ ಬಳ್ಳಿಯ ಜಾಗದಲ್ಲಿ ಗುಂಡಗೆ ಬಲೆ ಕಟ್ಟಿ ಆಡು ತರುಬಿದಳು. ಗಿರಿಯಪ್ಪನ ಹೆಂಡತಿ ಭರಮವ್ವ ಮೊರದ ತುಂಬ ಜೋಳ ತಂದರೆ, ಮೈಮುನಾಬಿ ಮೊರವನ್ನೇ ಹಿಂದಕ್ಕೆ ನೂಕಿದಳು.

"ಒಲ್ಲೆ ವೈನಿ. ನನ್ನ ಆಡು ಉಳಿಸಿದವರ ಜ್ವಾಳ ಹಿಡದ್ರ ಕೈ ಸುಡತೈತಿ."

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಗೊಬ್ಬರ ಜಾಸ್ತಿ ಬೀಳಲಿ ಎಂದು ದಂಡೆಯಿಂದ ಜಾಲಿಕಾಯಿಯ ಚೀಲಗಳನ್ನೂ ತಂದು ಬಲೆಯೊಳಗೆ ಸುರಿದಳು. ಆಡು ಕಾಯಿ ಅರಗಿಸೀತು, ಬೀಜ ಅರಗಿಸಲಾರದು ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ನಾಲ್ಕೈದು ಮಳೆಗಾಲ ಕಳೆಯುವುದರೊಳಗೆ ನಡುಗಡ್ಡೆ ಗುರುತು ಸಿಗದಂತಾಯಿತು. ದಂಡೆಯ ಕರಿಜಾಲಿಯ ಕೆಳಗೆ ಹುಲ್ಲಾದರೂ ಬದುಕುತ್ತದೆ. ಇದರ ಕೆಳಗೆ ಗರಿಕೆಯೂ ಇಲ್ಲ. ಪ್ರತಿ ಬೇಸಿಗೆಗೆ ಮರಳಲ್ಲಿ ಮೊಟ್ಟೆಯಿಡುತ್ತಿದ್ದ ಹೊಳೆಹಕ್ಕಿಗಳು ಬರುವುದನ್ನು ಬಿಟ್ಟವು. ಕಲ್ಲಂಗಡಿ ಬಳ್ಳಿ ನೆರಳಿಗೆ ಸೊರಗಿತು. ಮುಳ್ಳು ಹರಗೋಲಿನ ತಳಕ್ಕೂ ಚುಚ್ಚಿತು. ಕಡೆಗೆ ಗಿರಿಯಪ್ಪ ಹರಗೋಲನ್ನು ಅಂಗಳದಲ್ಲಿ ಬೋರಲು ಹಾಕಿ, ಕುಮಾರಪಟ್ಟಣದ ಕಡೆ ಕೂಲಿಗೆ ಹೋಗತೊಡಗಿದ. ಅಂಬಿಗ ಹೊಳೆ ಬಿಟ್ಟ ಎಂದು ಊರು ಮರುಗಿತು. ಮೈಮುನಾಬಿಯೂ ಮರುಗಿದಳು, ಪಾಪ, ಏನೂ ತಿಳಿಯದೆ.

ಒಂದು ಮುಂಜಾನೆ, ಮೊದಲ ಮಳೆ ಬಿದ್ದು ನಾಲ್ಕು ದಿನವಾಗಿತ್ತು. ತನ್ನ ಹಿತ್ತಲಿನ ಹಿಕ್ಕೆಯ ಗುಡ್ಡೆಯ ಮೇಲೆ ಅವಳು ಎಳೆ ಸಸಿಗಳನ್ನು ಕಂಡಳು. ಕಿತ್ತು ನೋಡಿದರೆ ಬಳ್ಳಾರಿ ಜಾಲಿ. ಬೇರು ಒಂದು ಹಿಕ್ಕೆಯೊಳಗಿಂದಲೇ ಇಳಿದಿತ್ತು. ನಡುಗಡ್ಡೆಯ ಬಲೆಯೊಳಗೆ ತಾನೇ ಸುರಿದ ಕಾಯಿಯ ಚೀಲಗಳು ಅವಳಿಗೆ ನೆನಪಾದವು. ಸಸಿಯನ್ನು ಹಿಡಿದುಕೊಂಡೇ ಗಿರಿಯಪ್ಪನ ಮನೆಗೆ ಓಡಿದಳು. ಅವನು ಕೂಲಿಗೆ ಹೊರಡಲು ಬುತ್ತಿ ಕಟ್ಟಿಸಿಕೊಳ್ಳುತ್ತಿದ್ದ.

"ಯಣ್ಣಾ, ಉಂಡ ಮನಿಗೆ ಎರಡ ಬಗದೆ. ನಿನ್ನ ಗಡ್ಡಿ ಹಾಳ ಮಾಡಿದಾಕಿ ನಾನಽ!"

ಗಿರಿಯಪ್ಪ ಸಸಿಯನ್ನೂ ನೋಡಿದ, ಅವಳ ಮುಖವನ್ನೂ ನೋಡಿದ. "ನನಗ ಗೊತ್ತಿತ್ತಲ್ಲವಾ. ಮೊದಲನೇ ಮಳಿಗೆ ಸಸಿ ಎದ್ದಾಗ ಗುಂಡಗ ಎದ್ದಿದ್ವು, ನೀ ಬಲಿ ಕಟ್ಟಿದಷ್ಟ ಜಾಗದಾಗ. ಬೇಲಿಗೆ ಆಕ್ಕಾವ ಅಂತ ನಾನೂ ಬಿಟ್ಟೆ. ನಾನೂ ದೊಡ್ಡ ಶ್ಯಾಣ್ಯಾನ."

"ಮತ್ತ ಇಷ್ಟ ವರ್ಸ ಒಂದ ಮಾತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಆಡು ಮಾರಿಬಿಡ್ತಿದ್ದಿ. ಹೊಳಿ ಹೋದ್ರ ನನಗ ರಟ್ಟಿ ಐತಿ. ಆಡು ಹೋದ್ರ ನಿನ್ನ ಹುಡುಗ್ಯಾರಿಗೆ ಏನೈತಿ?"

ಮೈಮುನಾಬಿ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು ಅತ್ತಳು. ಒಡಹುಟ್ಟಿದವರೂ ಬದುವಿನ ಒಂದು ಗೇಣಿಗೆ ಬಡಿದಾಡುವ ಸೀಮೆಯಿದು. ಇಲ್ಲಿ ಒಬ್ಬ ಮನುಷ್ಯ ತನ್ನ ಹೊಳೆಯನ್ನೇ ಬಿಟ್ಟುಕೊಟ್ಟು ತುಟಿ ಬಿಚ್ಚದೆ ಇದ್ದನಲ್ಲ!

ಮರುದಿನವೇ ಅವಳು ಹಾರೆ ಹಿಡಿದಳು. ಜಾಲಿಯನ್ನು ಕಡಿದರೆ ಒಂದಕ್ಕೆ ಹತ್ತಾಗಿ ಚಿಗುರುತ್ತದೆ, ಬುಡ ಸಮೇತ ಅಗೆಯಬೇಕು. ಗಿರಿಯಪ್ಪ ಹರಗೋಲನ್ನು ಮತ್ತೆ ಮಗುಚಿ, ತಳಕ್ಕೆ ಡಾಂಬರು ಬಳಿದ. ಭರಮವ್ವ ಬಂದಳು, ಮೈಮುನಾಬಿಯ ಹೆಣ್ಣುಮಕ್ಕಳು ಬಂದರು. ಬೇಸಿಗೆ ಮೇಲೆ ಬೇಸಿಗೆ ಅಗೆದರು, ಅಂಗೈ ಬೊಬ್ಬೆ ಒಡೆದು ಗಟ್ಟಿಯಾಯಿತು. ನಡುಗಡ್ಡೆಯನ್ನೆಲ್ಲ ಗೆದ್ದರು ಎಂದು ಬರೆದರೆ ಸುಳ್ಳಾದೀತು. ಮುಕ್ಕಾಲು ಪಾಲು ಜಾಲಿಯ ಪಾಲೇ ಆಯಿತು. ಅವರು ಬಿಡಿಸಿಕೊಂಡದ್ದು ಬಲೆ ಕಟ್ಟಿದ್ದ ಆ ಗುಂಡು ಜಾಗ, ಜೊತೆಗೆ ಸುತ್ತಲಿನ ಬಳ್ಳಿಯ ನೆಲ. ಅಷ್ಟಕ್ಕೇ ಹುಲ್ಲು ಬಂತು. ಮರುವರ್ಷ ಮರಳಲ್ಲಿ ಮೊಟ್ಟೆಗಳೂ ಕಂಡವು. ಗಿರಿಯಪ್ಪ ಕೂಲಿ ಬಿಟ್ಟು ಕಲ್ಲಂಗಡಿ ಹಾಕಿದ.

ಆ ಸುಗ್ಗಿ ಮುಗಿದಾಗ ಅವನು ಕೇಳಿದ, "ನೆಲ ಹಸದೈತಿ ತಂಗಿ. ಆಡು ತರಬು."

"ನನ್ನ ಕೊಂದ್ರೂ ಒಲ್ಲೆ!"

"ನಾ ನಂಬೀನಿ. ನಿನ್ನ ಆಡಿನ ಮ್ಯಾಲೆ ನಿನಗಽ ನಂಬಿಕಿ ಇಲ್ಲೇನು?"

ಆಡಿನ ರೋಜಾ ಶುರುವಾದದ್ದು ಆಗ. ಹಿತ್ತಲಲ್ಲಿ ಕಟ್ಟಿ, ಕಣಿಕೆ ತಿನ್ನಿಸಿ, ಹಿಕ್ಕೆಯನ್ನು ಬೆರಳಲ್ಲಿ ಒಡೆದೊಡೆದು ನೋಡಿ, ಒಂದೂ ಜಾಲಿಬೀಜ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಹರಗೋಲು ಹತ್ತಿಸಿದಳು. ತರುಬಿ ಬಂದವಳಿಗೆ ಮೊದಲ ಮಳೆಯ ತನಕ ನಿದ್ದೆಯಿಲ್ಲ. ಮಳೆ ಬಿದ್ದು ನಾಲ್ಕನೆಯ ದಿನ ಗಿರಿಯಪ್ಪ, ಭರಮವ್ವರ ಜೊತೆ ಹೊಳೆ ದಾಟಿದಳು. ಆ ಗುಂಡು ಜಾಗದಲ್ಲಿ ಅಲ್ಲಲ್ಲಿ ಸಸಿ ಎದ್ದಿದ್ದವು.

"ಯಾ ಅಲ್ಲಾ!" ಎಂದು ಎದೆ ಹಿಡಿದುಕೊಂಡಳು. ಮೊಣಕಾಲೂರಿ ಬಗ್ಗಿ ನೋಡಿದಳು. ದಪ್ಪನೆಯ ಎರಡು ಎಲೆ, ನಡುವೆ ಸೀಳು ಸೀಳಾದ ಕುಡಿ. ಜಾಲಿಯಲ್ಲ, ಕಲ್ಲಂಗಡಿ.

ಹಿಂದೆ ನಿಂತಿದ್ದ ಭರಮವ್ವನಿಗೆ ನಗು ತಡೆಯಲಾಗಲಿಲ್ಲ. "ಹೊಳಿ ದಾಟಸೂ ಹಿಂದಿನ ದಿನ ನೀ ಗುತ್ತಲ ಸಂತಿಗೆ ಹೋದಾಗ ಆಡು ಒದರಾಕತ್ತಿದ್ವು. ರೋಜಾ ಬಿಡಸೋರು ಯಾರರ ಬೇಕಲ್ಲ? ನಾನಽ ಹಣ್ಣಿನ ಸಿಪ್ಪಿ ಹಾಕೀನಿ, ಬೀಜದ ಸಮೇತ."

ಹೊಳೆ ಏರಿದರೆ ಆ ಬಳ್ಳಿ ಉಳಿಯದು, ಮೂವರಿಗೂ ಗೊತ್ತಿತ್ತು. ಆದರೂ ಮೈಮುನಾಬಿ ಒಂದೊಂದು ಸಸಿಯ ಬುಡಕ್ಕೂ ಮಣ್ಣು ಏರಿಸಿದಳು. ಭರಮವ್ವ ಹರಗೋಲಿನಿಂದ ಮೊರ ತಂದು ಮುಂದೆ ನಿಂತಳು. ಅದರ ತುಂಬ ಜೋಳ.

"ಈ ಸಲ ಕೈ ಸುಡತೈತೇನು?"

ಮೈಮುನಾಬಿ ಮಣ್ಣಿನ ಕೈ ಒರೆಸಿಕೊಂಡು, ಎದ್ದು ನಿಂತು, ಸೆರಗು ಒಡ್ಡಿದಳು.

"ಹಾಕ್ರಿ ವೈನಿ."