ಎಲೆ ತಿರುಗಿಸಿ ನೋಡುವಾಕೆ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಆಮ್‌ಸ್ಟರ್‌ಡಾಮಿನ ದಕ್ಷಿಣ ಭಾಗದ ಯಹೂದಿ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಮುಖ್ಯ ಅಡುಗೆಯವನಾದ ಎರ್ವಿನ್ ಕೈಕಟ್ಟಿ ನಿಂತಿದ್ದಾನೆ. ಈರುಳ್ಳಿ ಹೆಚ್ಚಿದ್ದಾಗಿದೆ, ನೀರು ತುಂಬಿದ ಪಾತ್ರೆ ಒಲೆಯ ಮೇಲೇರಿದೆ. ಆದರೆ ಒಲೆ ಹಚ್ಚುವಂತಿಲ್ಲ. ಅವನು ಸುರಿನಾಮಿನ ಕ್ರೈಸ್ತ. ಇಲ್ಲಿ ಬೆಂಕಿ ಹಚ್ಚುವ ಕೈ ಯಹೂದಿಯದೇ ಆಗಿರಬೇಕು.

ಆ ಕೈ ಈಗ ಹೊರಗೆ ಸೈಕಲ್ಲಿಗೆ ಬೀಗ ಹಾಕುತ್ತಿದೆ. ಯೆಟ್ಟಿ ಡ್ರುಕರ್, ವಯಸ್ಸು ಅರವತ್ತಮೂರು. ಕಾವಲಿನವನಿಗೆ ತಲೆಯಾಡಿಸಿ, ಎರಡು ಗಾಜಿನ ಬಾಗಿಲು ದಾಟಿ, ತಲೆಯ ಮೇಲಿನ ಉಣ್ಣೆ ಟೋಪಿಯನ್ನೂ ತೆಗೆಯದೆ ನೇರ ಒಲೆಯ ಬಳಿಗೆ ಬರುತ್ತಾರೆ.

"ಬಂದ್ರಾ ಅತ್ತೆ? ನಾನು ರಿಟೈರ್ ಆಗೋದ್ರೊಳಗೆ ಬರ್ತೀರೋ ಇಲ್ವೋ ಅಂತಿದ್ದೆ," ಎನ್ನುತ್ತಾನೆ ಎರ್ವಿನ್. ಅವನ ಊರಿನಲ್ಲಿ ಹಿರಿಯ ಹೆಂಗಸರನ್ನೆಲ್ಲ ಅತ್ತೆ ಎಂದೇ ಕರೆಯುವುದು.

"ಇನ್ನೂ ಹತ್ತು ನಿಮಿಷ ಇದೆ ಕಣೋ. ಹೀಗೆ ನಿಂತು ನಿಂತೇ ನಿನಗೆ ಹೊಟ್ಟೆ ಬಂದಿರೋದು."

ಆರು ಉರಿ, ಎರಡು ಓವನ್. ಅರ್ಧ ನಿಮಿಷದ ಕೆಲಸ. ಅದಾದ ಮೇಲೆ ಮೊಟ್ಟೆ. ಒಂದೊಂದನ್ನೂ ಬೇರೆಬೇರೆಯಾಗಿ ಗಾಜಿನ ಲೋಟಕ್ಕೆ ಒಡೆದು, ರಕ್ತದ ಚುಕ್ಕೆ ಇದೆಯೇ ಎಂದು ನೋಡಿ, ಇದ್ದರೆ ಎಸೆದು, ಇಲ್ಲದಿದ್ದರೆ ದೊಡ್ಡ ಬಟ್ಟಲಿಗೆ ಸುರಿಯಬೇಕು. ದಿನಕ್ಕೆ ನೂರಿಪ್ಪತ್ತು. ಆಮೇಲೆ ಸೊಪ್ಪು. ಕೋಷರ್ ಎಂದರೆ ಯಹೂದಿ ಆಚಾರಕ್ಕೆ ಒಪ್ಪುವ ಊಟ. ಅದರಲ್ಲಿ ಹುಳ ಬರಕೂಡದು, ಸಾಸಿವೆಯ ಕಾಲುಭಾಗದಷ್ಟಿದ್ದರೂ. ಅಡಿಯಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಯೆಟ್ಟಿ ಒಂದೊಂದೇ ಎಲೆಯನ್ನು ಹರಡುತ್ತಾರೆ, ಬೆರಳಿನಿಂದ ಸವರುತ್ತಾರೆ, ಎತ್ತಿ ಬೆಳಕಿಗೆ ಹಿಡಿಯುತ್ತಾರೆ, ತಿರುಗಿಸಿ ಹಿಂಬದಿ ನೋಡುತ್ತಾರೆ. ಚಳಿಗಾಲದಲ್ಲಿ ದಿನಕ್ಕೆ ಎಂಟು ಕಿಲೋ ಸೊಪ್ಪು. ಹೂಕೋಸು ಬಂದ ದಿನ ಯಾರೂ ಅವರನ್ನು ಮಾತಾಡಿಸುವುದಿಲ್ಲ. ಇಲ್ಲಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಮೇಲಿನ ಮಹಡಿಗಳಲ್ಲಿ ಉಣ್ಣುವ ಅರವತ್ತನಾಲ್ಕು ಮಂದಿಯಲ್ಲಿ ಹೆಚ್ಚಿನವರಿಗೆ ಅವರ ಹೆಸರು ಗೊತ್ತಿಲ್ಲ. ಸೂಪು ತಣ್ಣಗಿದೆ ಎಂದು ಬೈಯುವುದಿದ್ದರೆ ಎರ್ವಿನ್‌ನನ್ನು ಕರೆಸುತ್ತಾರೆ.

ಇಂದು ಗುರುವಾರ. ಮಧ್ಯಾಹ್ನ ಒಂದೂವರೆಗೆ ಯೆಟ್ಟಿಗೆ ಇನ್ನೊಂದು ಕೆಲಸವಿದೆ. ಹೋಗಬೇಕೋ ಬೇಡವೋ ಎಂದು ಮೂರು ವಾರದಿಂದ ತೀರ್ಮಾನಿಸಲಾಗದ ಕೆಲಸ ಅದು.

ಎರಡು ವರ್ಷದಿಂದ ಅವರು ಒಂದು ಸಂಸ್ಥೆಯ ಪರವಾಗಿ ಶಾಲೆಗಳಿಗೆ ಹೋಗುತ್ತಾರೆ. ಹದಿನೈದು ಹದಿನಾರರ ಮಕ್ಕಳ ಮುಂದೆ ಒಂದು ಕುರ್ಚಿಯಲ್ಲಿ ಕೂತು, "ನಾನು ಯಹೂದಿ, ಏನು ಬೇಕಾದರೂ ಕೇಳಿ" ಎನ್ನುವುದಷ್ಟೇ ಕೆಲಸ. ಸಂಬಳವಿಲ್ಲ. ಮಕ್ಕಳು ಕೇಳುತ್ತಾರೆ. ನೀವೆಲ್ಲ ಶ್ರೀಮಂತರಂತೆ ಹೌದಾ? ಅಲ್ಲಿ, ಯಹೂದಿಗಳ ದೇಶದಲ್ಲಿ, ಯುದ್ಧ ಮಾಡುವವರು ನಿಮಗೆ ಏನಾಗಬೇಕು? ನೀವು ಡಚ್ಚರೋ ಯಹೂದಿಗಳೋ? ನಿಮ್ಮ ಶಾಲೆಗಳಿಗೆ ಮಾತ್ರ ಯಾಕೆ ಪೊಲೀಸರು ನಿಲ್ಲುತ್ತಾರೆ? ಯೆಟ್ಟಿ ಬಹಳ ಸಲ "ಗೊತ್ತಿಲ್ಲ" ಎನ್ನುತ್ತಾರೆ. ತರಬೇತಿ ಕೊಡುವವರು ಅದನ್ನು ಸ್ವಲ್ಪ ಕಡಿಮೆ ಮಾಡಿ ಎಂದಿದ್ದಾರಂತೆ.

"ಗೊತ್ತಿಲ್ಲದಿದ್ದಕ್ಕೆ ಇನ್ನೇನು ಅನ್ನಲಿ?" ಎಂದು ಅವರ ಬಗ್ಗೆ ಬರೆಯಲು ಬಂದ ನನ್ನನ್ನೇ ಕೇಳುತ್ತಾರೆ. "ನಾನು ಯಹೂದಿ ಅನ್ನೋದು ಯಾವುದರಿಂದ ಅಂತ ಒಂದು ಹುಡುಗಿ ಕೇಳಿದ್ಲು. ದೇವರಿಂದಲಾ? ದೇವರ ವಿಷಯ ನನಗೆ ವಾರದಲ್ಲಿ ನಾಲ್ಕು ದಿನ ಮಾತ್ರ ಖಾತ್ರಿ ಇರುತ್ತೆ. ಅಮ್ಮನಿಂದಲಾ? ಅಮ್ಮ ಜೀವಮಾನವೆಲ್ಲ ಅದನ್ನ ಮುಚ್ಚಿಟ್ಕೊಂಡೇ ಇದ್ಲು."

ಯೆಟ್ಟಿಯ ತಾಯಿ ಆರು ವರ್ಷದ ಹುಡುಗಿಯಾಗಿದ್ದಾಗ, ಎರಡನೆಯ ಮಹಾಯುದ್ಧದಲ್ಲಿ, ನಾಜಿಗಳಿಂದ ತಪ್ಪಿಸಿಕೊಳ್ಳಲು ದೇಶದ ಉತ್ತರದ ಒಬ್ಬ ರೈತನ ಮನೆಯಲ್ಲಿ ಬೇರೆ ಹೆಸರಿನಲ್ಲಿ ಅಡಗಿದ್ದರು. ಯುದ್ಧ ಮುಗಿದಾಗ ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಆ ಮನೆಯಲ್ಲಿ ಕೊಟ್ಟದ್ದನ್ನೆಲ್ಲ ತಿಂದರು, ಹಂದಿಯನ್ನೂ. ಆಮೇಲೂ ತಿಂದರು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಯೆಟ್ಟಿ ತಮ್ಮ ಮನೆಯಲ್ಲಿ ಕೋಷರ್ ನಿಯಮದಂತೆ ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ ಎಂದು ಶುರುಮಾಡಿದಾಗ ತಾಯಿ ಬಾಗಿಲಲ್ಲಿ ನಿಂತು ನೋಡಿದರಂತೆ.

"'ಸೊಪ್ಪಲ್ಲಿ ಹುಳ ಹುಡುಕೋದಕ್ಕಾ ನಾನು ಬದುಕಿ ಉಳಿದಿದ್ದು?' ಅಂದ್ಲು. ಮಾಡ್ತಾ ಇದ್ದರೆ ಮನಸ್ಸು ಒಂದು ಕಡೆ ನಿಲ್ಲುತ್ತೆ, ಅಷ್ಟೇ ನನಗೆ ಗೊತ್ತಿದ್ದದ್ದು."

ಮೂರು ವಾರದ ಹಿಂದೆ, ನಗರದ ಪಶ್ಚಿಮದ ಒಂದು ಶಾಲೆಯಲ್ಲಿ ಆದದ್ದು ಇದು. ಮಾತುಕತೆ ಚೆನ್ನಾಗಿ ನಡೆದಿತ್ತು, ಸೊಪ್ಪಿನಲ್ಲಿ ಹುಳ ಹುಡುಕುವ ತಮ್ಮ ಕೆಲಸವನ್ನೂ ಯೆಟ್ಟಿ ಹೇಳಿದ್ದರು. ಕೊನೆಯಲ್ಲಿ ನಿಸ್ರಿನ್ ಎಂಬ ಮುಸ್ಲಿಂ ಹುಡುಗಿ ತಟ್ಟೆಯ ಮೇಲಿನ ಬಟ್ಟೆ ಸರಿಸಿ ಯೆಟ್ಟಿಯ ಮುಂದೆ ಹಿಡಿದಳು. ಅವಳ ತಾಯಿ ಬಾದಾಮಿ ಅರೆದು, ಕಿತ್ತಳೆ ಹೂವಿನ ನೀರು ಹಾಕಿ ಮಾಡಿದ ಸಿಹಿ. ಅತಿಥಿ ಬರುತ್ತಾರೆಂದು ಹಿಂದಿನ ದಿನವೇ ಮಾಡಿಟ್ಟದ್ದು. ಹೊರಗಿನ ಓವನ್ನಿನಲ್ಲಿ ಬೆಂದದ್ದನ್ನು ಯೆಟ್ಟಿ ತಿನ್ನುವಂತಿಲ್ಲ. ಅದನ್ನು ಹೇಳಿದ್ದರೆ ಆಗುತ್ತಿತ್ತು. ಆದರೆ ಕೈ ತನ್ನ ಪಾಡಿಗೆ ತಾನು ಒಂದು ತುಂಡನ್ನು ಎತ್ತಿತು, ಕಿಟಕಿಯ ಬೆಳಕಿಗೆ ಹಿಡಿಯಿತು, ತಿರುಗಿಸಿತು, ಹಿಂಬದಿ ನೋಡಿತು, ತಟ್ಟೆಯಲ್ಲಿ ವಾಪಸ್ಸಿಟ್ಟಿತು.

"ನನಗೆ ಬೇಡಮ್ಮ ಅಂದೆ. ಆ ಹುಡುಗಿ ಮುಖ ನೋಡಿದ ಮೇಲೇ ನನ್ನ ಕೈ ಏನು ಮಾಡ್ತು ಅಂತ ಗೊತ್ತಾಗಿದ್ದು."

"ಹುಳ ಇಲ್ಲ ಮೇಡಂ, ನಮ್ಮಮ್ಮ ಮಾಡಿದ್ದು," ಎಂದಳು ನಿಸ್ರಿನ್. ಹಿಂದಿನಿಂದ ಯಾರೋ ನಕ್ಕರು. "ನೋಡಿದ್ರಾ, ಇವರ ಲೆಕ್ಕದಲ್ಲಿ ನಾವು ಕೊಳಕರು," ಎಂದ ಇನ್ನೊಬ್ಬ. ಹುಡುಗಿ ತಟ್ಟೆ ಎತ್ತಿಕೊಂಡು ಹೊರಗೆ ಹೋದಳು. ಯಾರದೋ ಫೋನಿನಲ್ಲಿ ಹನ್ನೊಂದು ಸೆಕೆಂಡಿನ ವಿಡಿಯೊ ಉಳಿಯಿತು. ಎರಡು ದಿನದಲ್ಲಿ ಅದನ್ನು ನಲವತ್ತು ಸಾವಿರ ಜನ ನೋಡಿದರು. ಐದನೆಯ ದಿನ ಯೆಟ್ಟಿ ಇರುವ ಕಟ್ಟಡದ ಲಿಫ್ಟಿನ ಕನ್ನಡಿಯ ಮೇಲೆ ಯಾರೋ ಕಪ್ಪು ಮಾರ್ಕರಿನಲ್ಲಿ ಬರೆದರು: ಹುಳ ನೀವೇ.

ಮಾತು ಹೊಸದಲ್ಲ. ತಾಯಿಯ ಕಾಲದಲ್ಲಿ ಅದನ್ನೇ ಅಚ್ಚು ಹಾಕಿಸಿ ಗೋಡೆಗೆ ಹಚ್ಚುತ್ತಿದ್ದರು. ಯೆಟ್ಟಿ ಅದನ್ನು ಸ್ಪಿರಿಟ್ಟಿನಿಂದ ತಾವೇ ಒರೆಸಿದರು. ಪೊಲೀಸರಿಗೆ ದೂರು ಕೊಟ್ಟದ್ದು ಮಗಳು ದಫ್ನಾ.

ಒಂಬತ್ತು ಗಂಟೆಯ ಕಾಫಿಯ ಹೊತ್ತಿಗೆ ದಫ್ನಾಳ ಫೋನು ಬರುತ್ತದೆ. ಕೈ ಒದ್ದೆ ಎಂದು ಯೆಟ್ಟಿ ಸ್ಪೀಕರ್ ಹಾಕುತ್ತಾರೆ.

"ಅಮ್ಮ, ಹೋಗಲ್ಲ ತಾನೇ?"

"ಇನ್ನೂ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಹೋಗ್ತೀಯ ಅಂತಲೇ ಅರ್ಥ. ಹೋಗಿ ಏನು ಮಾಡ್ತೀಯ? ಕ್ಷಮೆ ಕೇಳ್ತೀಯ? ಲಿಫ್ಟಲ್ಲಿ ಬರೆದೋರಿಗಾ?"

"ಆ ಹುಡುಗಿಗೆ."

"ಅವರಿಗೆ ಅದೆಲ್ಲ ಒಂದೇ ಅಮ್ಮ. ಯಹೂದಿ ಕ್ಷಮೆ ಕೇಳಿದ್ಲು, ಅಂದ್ರೆ ತಪ್ಪು ಅವಳದೇ ಅಂತ ಇನ್ನೊಂದು ವಿಡಿಯೊ ಆಗುತ್ತೆ. ಯಹೂದಿ ಅಂತ ಗೊತ್ತಾಗದಿರ್ಲಿ ಅಂತ ನಾನು ಕುತ್ತಿಗೇಲಿದ್ದ ನಕ್ಷತ್ರದ ಸರ ತೆಗೆದಿಟ್ಟಿದೀನಿ, ನಿನಗೆ ಗೊತ್ತಾ?"

"ಗೊತ್ತು. ಕತ್ತು ನೋಡಿದೆ."

"ಮಧ್ಯಾಹ್ನ ಮಾಡ್ತೀನಿ," ಎಂದು ದಫ್ನಾ ಫೋನಿಡುತ್ತಾಳೆ.

ಎರ್ವಿನ್ ಸೌಟಿನಿಂದ ಸೂಪು ತಿರುವುತ್ತಾ ಕೇಳಿಸಿಕೊಂಡೂ ಕೇಳಿಸಿಕೊಳ್ಳದವನಂತೆ ಇದ್ದವನು ಈಗ ತಿರುಗುತ್ತಾನೆ. "ಅತ್ತೆ, ನಾನು ಒಂದು ಮಾತು ಹೇಳ್ಲಾ?"

"ಬೇಡ ಅಂದ್ರೂ ಹೇಳ್ತೀಯ."

"ನಮ್ಮಮ್ಮ ಮಾಡಿದ್ದನ್ನ ಯಾರಾದ್ರೂ ಹಂಗೆ ತಿರುಗಿಸಿ ನೋಡಿದ್ರೆ ನಾನು ಆ ತಟ್ಟೇನೇ ಅವರ ತಲೆ ಮೇಲೆ ಹಾಕ್ತಿದ್ದೆ. ಆ ಹುಡುಗಿ ಮರ್ಯಾದಸ್ತೆ, ಸುಮ್ಮನೆ ಹೋದ್ಲು."

"ಲಿಫ್ಟಲ್ಲಿ ಬರೆದಿದ್ದು?"

"ಅದು ಹೊಲಸು ಕೆಲಸ. ಅದು ಬೇರೆ, ಇದು ಬೇರೆ."

ಬೇರೆ ಎನ್ನುವುದು ಎರ್ವಿನ್‌ಗೆ ಸುಲಭ. ಯೆಟ್ಟಿಗೆ ಅವೆರಡೂ ಒದ್ದೆ ಎಲೆಗಳ ಹಾಗೆ ಒಂದಕ್ಕೊಂದು ಅಂಟಿಕೊಂಡಿವೆ. ತಾನು ಹಾಗೆ ಮಾಡಿರದಿದ್ದರೆ ಅವರು ಹೀಗೆ ಬರೆಯುತ್ತಿರಲಿಲ್ಲವೇ? ಹಾಗೆ ಯೋಚಿಸಿದರೆ ಬರೆದವನ ತಪ್ಪನ್ನು ತಾನೇ ಮನ್ನಿಸಿದಂತೆ. ಹಾಗೆ ಯೋಚಿಸದಿದ್ದರೆ ತಟ್ಟೆ ಹಿಡಿದು ನಿಂತ ಹುಡುಗಿಯನ್ನು ಬರೆದವನ ಜೊತೆಗೇ ನಿಲ್ಲಿಸಿದಂತೆ. ನಡುರಾತ್ರಿ ಎಚ್ಚರವಾದಾಗ ಇದನ್ನೇ ಒಂದು ಕಡೆಯಿಂದ ಶುರುಮಾಡುತ್ತಾರೆ, ಇನ್ನೊಂದು ಕಡೆಯಿಂದ ಹೊರಗೆ ಬರುತ್ತಾರೆ. ಗಂಡ ಮೌರಿಟ್ಸ್ ಇದ್ದಿದ್ದರೆ ಎಬ್ಬಿಸಿ ಕೇಳುತ್ತಿದ್ದರು. ಅವರು ತೀರಿಕೊಂಡು ಆರು ವರ್ಷ. "ಅವರೂ ಗೊತ್ತಿಲ್ಲ ಅಂತಲೇ ಅನ್ನೋರು. ಆದರೆ ಇಬ್ಬರೂ ಅಂದಂಗೆ ಆಗೋದು."

ಹನ್ನೆರಡೂವರೆಗೆ ಕೊನೆಯ ತಟ್ಟೆ ಮೇಲಕ್ಕೆ ಹೋಗುತ್ತದೆ. ಯೆಟ್ಟಿ ಏಪ್ರನ್ ಬಿಚ್ಚುತ್ತಾರೆ, ಮತ್ತೆ ಕಟ್ಟಿಕೊಳ್ಳುತ್ತಾರೆ, ಮತ್ತೆ ಬಿಚ್ಚುತ್ತಾರೆ. ಟ್ರಾಮ್ ನಿಲ್ದಾಣದಲ್ಲಿ ಒಂದು ಟ್ರಾಮನ್ನು ಹಾಗೇ ಹೋಗಲು ಬಿಡುತ್ತಾರೆ. ಎರಡನೆಯದಕ್ಕೆ ಹತ್ತುತ್ತಾರೆ.

ಅದೇ ತರಗತಿ, ಇಪ್ಪತ್ತಾರು ಮಕ್ಕಳು. ಫೋನುಗಳನ್ನೆಲ್ಲ ಮೇಷ್ಟರು ಒಂದು ಪೆಟ್ಟಿಗೆಯಲ್ಲಿ ಹಾಕಿಸಿಕೊಂಡಿದ್ದಾರೆ. ನಿಸ್ರಿನ್ ಬಾಗಿಲ ಪಕ್ಕದಲ್ಲಿ ಜಾಕೆಟ್ ತೆಗೆಯದೆ ಕೂತಿದ್ದಾಳೆ. ಯೆಟ್ಟಿ ಕುರ್ಚಿಯಲ್ಲಿ ಕೂರುವುದಿಲ್ಲ.

"ಅವತ್ತು ನಾನು ತಿನ್ನದೆ ಇದ್ದದ್ದು ತಪ್ಪಲ್ಲ. ನನ್ನ ನಿಯಮ ಅದು," ಎನ್ನುತ್ತಾರೆ. "ಆದರೆ ತಿರುಗಿಸಿ ನೋಡಿದ್ದು ತಪ್ಪು. ನಿಸ್ರಿನ್, ನಿನಗೂ ನಿಮ್ಮಮ್ಮನಿಗೂ ಅವಮಾನ ಮಾಡ್ದೆ. ಬೇಕಂತ ಅಲ್ಲ, ಆದರೂ ಮಾಡ್ದೆ. ಆಮೇಲೆ ನಮ್ಮ ಲಿಫ್ಟಲ್ಲಿ ಯಾರೋ ನಾವು ಹುಳ ಅಂತ ಬರೆದರು. ಅದು ನನ್ನ ತಪ್ಪಿಗೆ ಶಿಕ್ಷೆ ಅಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಮೂರು ವಾರದಿಂದ ಯೋಚಿಸ್ತಿದೀನಿ, ಬಗೆಹರಿದಿಲ್ಲ. ನಿಮಗೆ ಬಗೆಹರಿದರೆ ಹೇಳಿ."

ಎತ್ತರದ ಹುಡುಗನೊಬ್ಬ ತನ್ನ ಶೂ ನೋಡುತ್ತಿದ್ದಾನೆ. ಅವನಿಗೆ ಏನಾದರೂ ಗೊತ್ತೋ, ಅಥವಾ ಹದಿನಾರರ ಹುಡುಗರು ಸುಮ್ಮನೆ ಶೂ ನೋಡುವುದೇ ಹಾಗೋ, ಹಿಂದಿನ ಬೆಂಚಿನಲ್ಲಿ ಕೂತ ನನಗೆ ತಿಳಿಯುವುದಿಲ್ಲ.

"ನಮ್ಮಮ್ಮ ಎರಡು ದಿನ ಏನೂ ಮಾತಾಡ್ಲಿಲ್ಲ," ಎನ್ನುತ್ತಾಳೆ ನಿಸ್ರಿನ್, ಮೇಜಿನ ಕಡೆ ನೋಡುತ್ತಾ. "ಆಮೇಲೆ ಅಂದ್ಲು, ನಾನೂ ಹೊರಗೆ ಸಿಕ್ಕಿದ್ದೆಲ್ಲ ತಿನ್ನಲ್ವಲ್ಲ ಅಂತ. ಅಂಗಡೀಲಿ ಪ್ರತಿ ಪ್ಯಾಕೆಟ್ಟೂ ಹಿಂದೆ ತಿರುಗಿಸಿ ಓದ್ತಾಳೆ, ಹಂದೀದು ಏನಾದ್ರೂ ಸೇರಿಸಿದ್ದಾರಾ ಅಂತ. ಕನ್ನಡಕ ಹಾಕ್ಕೊಂಡು."

"ಹೌದಾ?"

"ಹೂಂ. ಆದ್ರೆ ಕೊಟ್ಟೋರ ಮುಂದೆ ಓದಲ್ಲ ಮೇಡಂ."

ತರಗತಿ ನಗುತ್ತದೆ. ನಿಸ್ರಿನ್ ನಗುವುದಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳುವುದಿಲ್ಲ. ಗಂಟೆ ಬಾರಿಸಿದಾಗ ಎಲ್ಲರ ಜೊತೆ ಎದ್ದು ಹೋಗುತ್ತಾಳೆ. ಬಾಗಿಲು ದಾಟುವಾಗ ಒಮ್ಮೆ ಕೈ ಎತ್ತಿದಂತೆ ಕಾಣುತ್ತದೆ. ಅದು ಯೆಟ್ಟಿಗೋ, ಹೊರಗೆ ಕಾಯುತ್ತಿದ್ದ ಗೆಳತಿಗೋ.

ಶಾಲೆಯ ಮೆಟ್ಟಿಲ ಮೇಲೆ ಯೆಟ್ಟಿ ಕೈಗವಸು ಹಾಕಿಕೊಳ್ಳುತ್ತಾರೆ. ಮುಂದೆ ಏನು ಆಸೆ ಎಂದು ಕೇಳುತ್ತೇನೆ. ಇಂಥ ಬರಹಗಳಿಗೆ ಕೇಳಲೇಬೇಕಾದ ಪ್ರಶ್ನೆ ಅದು.

"ಆ ಹುಡುಗಿಯ ಅಮ್ಮನ ಜೊತೆ ಒಂದು ಅರ್ಧ ಗಂಟೆ ಕೂತ್ಕೋಬೇಕು. ಕೊಟ್ಟೋರ ಮುಂದೆ ಓದದೆ, ತಿನ್ನದೆ, ಅವರಿಗೂ ಬೇಜಾರಾಗದ ಹಾಗೆ ಹೇಗೆ ಎದ್ದು ಬರ್ತಾರೆ ಅಂತ ಕೇಳ್ಬೇಕು. ಇಪ್ಪತ್ತೆಂಟು ವರ್ಷದಲ್ಲಿ ಅದೊಂದನ್ನ ನನಗೆ ಯಾರೂ ಕಲಿಸ್ಲಿಲ್ಲ."