ಪುಟ್ಟಮಾದು ಹೆಸರು ಹಿಡಿದು ಕೂಗುತ್ತಿದ್ದ ದಿನ

ಪುಟ್ಟಮಾದು ನಮ್ಮೂರಿನ ಕೂಲಿಯಾಳು. ವರ್ಷವೆಲ್ಲ ತಲೆ ತಗ್ಗಿಸಿಕೊಂಡು ಶಾಂತಮಲ್ಲಪ್ಪನವರ ಹೊಲದಲ್ಲಿ ದುಡಿಯುತ್ತಿದ್ದ, ಅವರನ್ನು ‘ಬುದ್ದಿ’ ಎನ್ನುತ್ತಿದ್ದ. ವರ್ಷಕ್ಕೊಂದು ದಿನ ಮಾತ್ರ ಊರಿಗೆ ಊರೇ ಅವನು ಹೇಳಿದಂತೆ ಕೇಳುತ್ತಿತ್ತು. ಆ ಒಂದು ದಿನವನ್ನು ಅವನಿಂದ ಕಿತ್ತುಕೊಂಡವರಲ್ಲಿ ನಾನೂ ಒಬ್ಬ. ಉಳಿದವರ ಪಾಲೆಷ್ಟೋ ನನಗೆ ಗೊತ್ತಿಲ್ಲ, ನನ್ನ ಪಾಲು ಮಾತ್ರ ಚೆನ್ನಾಗಿ ಗೊತ್ತು.

ತೆರಕಣಾಂಬಿಯಿಂದ ಎರಡು ಮೈಲಿ ನಮ್ಮೂರು. ಊರ ಪಕ್ಕ ಒಂದು ಕಟ್ಟೆ. ಯುಗಾದಿ ಕಳೆದ ಮೊದಲ ಸೋಮವಾರ ಎಲ್ಲರೂ ಮಂಕರಿ, ಅಂದರೆ ಬಿದಿರಿನ ಬುಟ್ಟಿ, ಹಿಡಿದು ಆ ಕಟ್ಟೆಯ ಹೂಳೆತ್ತುವುದು ಹಿಂದಿನಿಂದ ಬಂದ ಪದ್ಧತಿ. ಸೋಮವಾರ ನಮ್ಮಲ್ಲಿ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ, ಹಾಗಾಗಿ ಎಲ್ಲರಿಗೂ ಬಿಡುವು. ಬೆಳಕು ಹರಿಯುವ ಹೊತ್ತಿಗೆ ಪುಟ್ಟಮಾದು ತಂಬೂರಿ ಹಿಡಿದು ಕಟ್ಟೆ ಏರಿಯ ಮೇಲೆ ನಿಲ್ಲುತ್ತಿದ್ದ. ಅವನ ಪದದಲ್ಲಿ ದೇವರ ಹೆಸರು ಮುಗಿದ ಮೇಲೆ ಊರ ಮನೆಗಳ ಹೆಸರು ಶುರು. ಯಾರು ಇನ್ನೂ ಬಂದಿಲ್ಲವೋ ಅವರ ಹೆಸರು ಹಿಡಿದು ಹಂಗಿಸಿ ಹಾಡುವುದು.

“ಶಾಂತಮಲ್ಲಪ್ಪನ ಮಂಕರಿ ಮೂಲೇಲಿ ಮನಗೈತೆ, ಎಬ್ಬಿಸ್ರಪ್ಪೋ, ಅದಕ್ಕೂ ಜರ ಬಂದೈತೆ!”

ಹಾಡು ಕೇಳಿ ಊರೆಲ್ಲ ಗೊಳ್ಳೆಂದರೆ ಶಾಂತಮಲ್ಲಪ್ಪನವರೂ ನಗುತ್ತ ಪಂಚೆ ಎತ್ತಿ ಕಟ್ಟಿಕೊಂಡು ಕೆಸರಿಗೆ ಇಳಿಯುತ್ತಿದ್ದರು. ಬರದೆ ಉಳಿಯುವ ಧೈರ್ಯ ಯಾರಿಗೂ ಇರಲಿಲ್ಲ, ವರ್ಷಪೂರ್ತಿ ಮಕ್ಕಳು ಆ ಸಾಲು ಹಾಡಿ ಮಾನ ಕಳೆಯುತ್ತಿದ್ದವು. ಬೆಟ್ಟದ ಕಡೆಯಿಂದ ನೀರು ತರುವ ಕಾಲುವೆಯ ಬಾಯಿಯನ್ನೂ ಅದೇ ದಿನ ಬಿಡಿಸುತ್ತಿದ್ದರು. ಮಾರನೆಯ ದಿನ ಗಾಡಿ ಕಟ್ಟಿ ಕಟ್ಟೆಯಿಂದ ಎತ್ತಿದ ಕರಿಮಣ್ಣನ್ನು ಹೊಲಗಳಿಗೆ ಹೊಡೆಯುತ್ತಿದ್ದರು. ಕಟ್ಟೆಗೂ ಒಳ್ಳೆಯದು, ಹೊಲಕ್ಕೂ ಒಳ್ಳೆಯದು.

ತೊಂಬತ್ತೇಳರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಯಿತಲ್ಲ, ಆ ವರ್ಷದ ಕೊನೆಗೆ ಒಂದು ಸಮೀಕ್ಷೆ ಬಂತು. ಗುಂಡ್ಲುಪೇಟೆಯಲ್ಲಿ ಮೇಷ್ಟ್ರುಗಳನ್ನೆಲ್ಲ ಕೂರಿಸಿ ಅಧಿಕಾರಿ ವಿವರಿಸಿದರು: ಹಾಡು ಕುಣಿತಗಳಿಂದ ಊರಿನ ನೆಲ ಜಲಕ್ಕೆ ಎಷ್ಟು ಉಪಕಾರವಾಗುತ್ತಿದೆ ಎಂದು ಅಳೆಯಬೇಕು. ಎಲ್ಲಿ ಆಗುತ್ತಿದೆಯೋ ಅಲ್ಲಿಯ ಕಟ್ಟೆ ಊರಿನವರ ಕೈಯಲ್ಲೇ ಇರುತ್ತದೆ, ಉಳಿದ ಕಡೆ ಕಂಟ್ರಾಕ್ಟರು ಯಂತ್ರ ತರುತ್ತಾನೆ. ನಮ್ಮೂರಿನ ಫಾರಂ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ನಾನು ಊರಿನ ಶಾಲೆಯ ಲೆಕ್ಕದ ಮೇಷ್ಟ್ರು, ಸೋಮಶೇಖರ್.

ಪುಟ್ಟಮಾದು ಮನೆಗೆ ಹೋದೆ. ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು ಕಾಯುತ್ತಿದ್ದ. ಅವನ ಹೆಂಡತಿ ರಾಚಮ್ಮ ಎಳನೀರು ಕೆತ್ತಿಸಿ ಕೊಟ್ಟಳು. ಕಾಫಿ ಕೊಟ್ಟರೆ ನಾನು ಕುಡಿಯಲಾರೆ ಎಂದು ಅವಳೇ ತೀರ್ಮಾನಿಸಿದ್ದಳು. ಕುಡಿಯುತ್ತೇನೆ ಎಂದು ನಾನೂ ಹೇಳಲಿಲ್ಲ.

“ವರ್ಷಕ್ಕೆ ಎಷ್ಟು ಸಲ ಹಾಡ್ತೀಯ?” ಎಂದೆ.

“ಒಂದ್ಸಲ ಮೇಷ್ಟ್ರೇ.”

“ಕೂತು ಕೇಳೋರು ಎಷ್ಟು ಜನ?”

ಅವನು ನಕ್ಕುಬಿಟ್ಟ. “ಕೂತ್ಕಂಡು ಕೇಳೋರಾ? ಒಬ್ರೂ ಇಲ್ಲ. ಕೂತ್ಕಳಕೆ ಬುಟ್ಟೆನಾ ನಾನು?”

ಅದು ಅವನ ಹೆಮ್ಮೆ. ಪ್ರೇಕ್ಷಕರ ಸಂಖ್ಯೆ ಎಂಬಲ್ಲಿ ನಾನು ಸೊನ್ನೆ ಬರೆದೆ. ಕೆಳಗೆ ‘ಕಲೆಯಿಂದ ಊರಿಗಾದ ಪ್ರಯೋಜನ’ ಎಂದು ಎರಡು ಸಾಲು ಜಾಗವಿತ್ತು. ಅಲ್ಲಿ ‘ಇಲ್ಲ’ ಎಂದು ಬರೆದೆ.

ಯಾಕೆ ಬರೆದೆ? ಕೇಳಿದ್ದಕ್ಕೆ ಹೇಳಿದ್ದನ್ನಷ್ಟೇ ಬರೆಯಬೇಕೆಂದು ಅಧಿಕಾರಿ ಹೇಳಿದ್ದರು ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ಎರಡು ವರ್ಷದ ಹಿಂದೆ ಆ ಏರಿಯ ಮೇಲೆ ಸುಮ್ಮನೆ ನಿಂತಿದ್ದ ನನ್ನನ್ನು ನೋಡಿ ಅವನು, “ಲೆಕ್ಕದ ಮೇಷ್ಟ್ರು ಮಂಕರಿ ಎಣಿಸ್ತಾರೆ, ಎತ್ತೋ ಪಾಠ ಮರ್ತವ್ರೆ” ಎಂದು ಹಾಡಿದ್ದ. ನನ್ನ ಹೆಂಡತಿ ಸುಧಾಮಣಿ ಎಲ್ಲರೆದುರು ಬಿದ್ದು ಬಿದ್ದು ನಕ್ಕಿದ್ದಳು. ಆ ಮುನಿಸು ನನ್ನ ಹೊಟ್ಟೆಯೊಳಗೆ ಕೂತಿತ್ತು. ಅಷ್ಟು ಸಣ್ಣ ಮನುಷ್ಯ ನಾನು.

ಎದ್ದು ಹೊರಟಾಗ ಪುಟ್ಟಮಾದು ಬಾಗಿಲವರೆಗೆ ಬಂದ. “ಚೆಂದಾಗಿ ಬರ್ಕಳಿ ಮೇಷ್ಟ್ರೇ. ಆ ಒಂದಿನ ತಪ್ಪೋಯ್ತು ಅಂದ್ರೆ ಊರೊಳಗೆ ನಾನು ಎಂಗೆ ತಲೆ ಎತ್ಲಿ?”

“ಬರೆದಿದ್ದೇನೆ ಬಿಡು,” ಎಂದೆ.

ಮರುವರ್ಷ ಯುಗಾದಿಗೆ ಮೊದಲೇ ಬುಲ್ಡೋಜರ್ ಬಂತು. ಎರಡೇ ದಿನದಲ್ಲಿ ಕೆಲಸ ಮುಗಿಸಿ ಮಣ್ಣನ್ನು ಅಲ್ಲೇ ಅಂಚಿಗೆ ಗುಡ್ಡೆ ಹಾಕಿ ಹೋಯಿತು. ಕಾಲುವೆಯ ಬಾಯಿ ಎಲ್ಲಿದೆ ಎಂದು ಡ್ರೈವರನಿಗೆ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಮೊದಲ ಮಳೆಗೇ ಮಣ್ಣು ವಾಪಸು ಕಟ್ಟೆಗೆ ಇಳಿಯಿತು, ಗೋಪಾಲಸ್ವಾಮಿ ಬೆಟ್ಟದ ಕಡೆಯ ನೀರು ಹಳ್ಳದ ಪಾಲಾಯಿತು. ಆ ವರ್ಷ ದನ ಇಳಿದರೆ ಮೊಣಕಾಲೂ ಮುಳುಗದಷ್ಟು ನೀರು.

ತೊಂಬತ್ತೊಂಬತ್ತರ ಯುಗಾದಿ ಕಳೆದ ಸೋಮವಾರ ಪುಟ್ಟಮಾದು ಯಾರನ್ನೂ ಕೇಳದೆ ಏರಿಯ ಮೇಲೆ ನಿಂತ. ಒಂದೊಂದೇ ಮನೆಯ ಹೆಸರು ಕೂಗಿದ. ಯಾರೂ ಬರಲಿಲ್ಲ. “ಮಿಸೀನು ಬತ್ತದೆ, ಓಗ್ಲಾ” ಎಂದರು ಕೆಲವರು. ಅವನು ಹಾಡುತ್ತಲೇ ಬೀದಿಗೆ ಇಳಿದ, ಶಾಂತಮಲ್ಲಪ್ಪನವರ ಮನೆ ಮುಂದೆ ನಿಂತು ಅವರ ಹೆಸರು ತೆಗೆದ. ಒಳಗಿನಿಂದ ಮಗ ಮರಿಮಲ್ಲಪ್ಪ ದಾಪುಗಾಲು ಹಾಕಿ ಬಂದ.

“ಯಾರ ಎಸರು ಇಡ್ಕಂಡು ಕೂಗ್ತಿದ್ದೀಯ್ಲಾ? ನಾಲ್ಗೆ ಉದ್ದ ಆಯ್ತಾ?”

ಮೂವತ್ತು ವರ್ಷ ಅದೇ ಹಾಡಿಗೆ ನಕ್ಕಿದ್ದ ಶಾಂತಮಲ್ಲಪ್ಪನವರು ಜಗಲಿಯ ಮೇಲೇ ಕೂತಿದ್ದರು. ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು. ಕೆಸರಿಗೆ ಇಳಿಯುವ ಕೆಲಸವೇ ಇಲ್ಲದ ಮೇಲೆ ಆ ಹಾಡು ಬರೀ ಉದ್ಧಟತನವಾಗಿತ್ತು. ಪುಟ್ಟಮಾದು ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. “ತಪ್ಪಾಯ್ತು ಬುದ್ದಿ,” ಎಂದ. ನಾನು ಅದೇ ಬೀದಿಯ ನನ್ನ ಮನೆಯ ಬಾಗಿಲ ಹಿಂದೆ ನಿಂತು ಎಲ್ಲ ನೋಡಿದೆ, ಹೊರಗೆ ಬರಲಿಲ್ಲ.

ಸಂಜೆ ತಡೆಯಲಾರದೆ ಅವನ ಮನೆಗೆ ಹೋದೆ. ಎಲ್ಲ ಹೇಳಿ ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ನನ್ನ ಮುಖ ನೋಡಿ ಅವನೇ ಮೊದಲು ಮಾತಾಡಿದ.

“ನೀವ್ಯಾಕೆ ಬೇಜಾರ್ ಮಾಡ್ಕಂಡೀರಿ ಮೇಷ್ಟ್ರೇ? ನೀವು ಚೆಂದಾಗೇ ಬರ್ದಿದ್ರಿ. ಆ ಆಪೀಸ್ನೋರೇ ಓದ್ನಿಲ್ವೇನೋ.”

ರಾಚಮ್ಮನೂ ನನ್ನನ್ನೇ ನೋಡುತ್ತಿದ್ದಳು.

“ಹೂಂ, ಓದಿರಲಿಕ್ಕಿಲ್ಲ,” ಎಂದೆ.

ಪುಟ್ಟಮಾದು ನನಗೆ ಕೈ ಮುಗಿದ.